ಇಟಲಿಯಲ್ಲಿ ಬಾಡಿಗೆ ಕಾರು: ಟಸ್ಕನಿಯಿಂದ ಅಮಾಲ್ಫಿಯವರೆಗೆ ನಾವೇ ಓಡಿಸಿಕೊಂಡು ಹೋಗಬಹುದೇ?

ಕುವೆಂಪುನಗರ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು 71 ವರ್ಷದ ನನ್ನ ತಂದೆ ಹತ್ತು ದಿನಗಳ ಮಟ್ಟಿಗೆ ಇಟಲಿಗೆ ಹೊರಟಿದ್ದೇವೆ. ತಂದೆಯವರಿಗೆ ಮಂಡಿನೋವು ಇರುವುದರಿಂದ, ಪೆಟ್ಟಿಗೆಗಳನ್ನು ಎಳೆದುಕೊಂಡು ಒಂದು ರೈಲಿನಿಂದ ಇನ್ನೊಂದಕ್ಕೆ ಹತ್ತಿಳಿಯುವ ಯೋಚನೆಯನ್ನು ಬಿಟ್ಟಿದ್ದೇವೆ. ಪೀಸಾ ವಿಮಾನ ನಿಲ್ದಾಣದಲ್ಲಿ ಕಾರು ಪಡೆದು, ಲುಕ್ಕಾ, ಸಾನ್ ಜಿಮಿನ್ಯಾನೊ, ವಾಲ್ ದೋರ್ಚಾ ನೋಡಿಕೊಂಡು, ಅಲ್ಲಿಂದ ದಕ್ಷಿಣಕ್ಕೆ ಇಳಿದು ಅಮಾಲ್ಫಿ ಕರಾವಳಿಯಲ್ಲಿ ಎರಡು ದಿನ ಕಳೆದು, ನೇಪಲ್ಸ್‌ನಲ್ಲಿ ಕಾರನ್ನು ಹಿಂದಿರುಗಿಸುವುದು ಸದ್ಯದ ಯೋಜನೆ. ಹದಿನೈದು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ, ಆದರೆ ರಸ್ತೆಯ ಬಲಬದಿಯಲ್ಲಿ ಒಮ್ಮೆಯೂ ಓಡಿಸಿದವನಲ್ಲ. ಹಳೆಯ ಊರುಗಳ ಒಳಗೆ ಕಾರು ಹೋದರೆ ತಿಂಗಳುಗಳ ನಂತರ ದಂಡದ ಕಾಗದ ಮನೆಗೆ ಬರುತ್ತದೆ ಎಂದು ಕೇಳಿದ್ದೇನೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಮ್ಯೂನಿಕ್ ವಾಸಿ

ಮೊದಲು ಕಾಗದಪತ್ರಗಳ ಮಾತು. ನಿಮ್ಮ ಡಿಎಲ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಆರ್‌ಟಿಒದಲ್ಲಿ ನಮೂನೆ 4ಎ ತುಂಬಿ, 1000 ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟ್ ಪ್ರತಿಯನ್ನು ಕೊಟ್ಟರೆ ಒಂದು ವರ್ಷದ ಅವಧಿಗೆ ಸಿಗುತ್ತದೆ. ವೀಸಾ ಬಂದ ಮೇಲೆ ನೋಡಿಕೊಳ್ಳೋಣ ಎಂದು ಕೊನೆಯ ವಾರದವರೆಗೆ ಮುಂದೂಡಬೇಡಿ. ಕಾರಿನ ಕೌಂಟರಿನಲ್ಲಿ ಇದನ್ನು ಕೇಳದೆ ಕೀಲಿ ಕೊಟ್ಟುಬಿಡುವವರೂ ಉಂಟು. ದಾರಿಯಲ್ಲಿ ತಡೆಯುವ ಪೊಲೀಸರು ಮಾತ್ರ ಖಂಡಿತ ಕೇಳುತ್ತಾರೆ. ಠೇವಣಿಗಾಗಿ ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಡೆಬಿಟ್ ಕಾರ್ಡನ್ನು ಅನೇಕ ಕಡೆ ಒಪ್ಪುವುದಿಲ್ಲ, ಪತ್ನಿಯವರ ಕಾರ್ಡೂ ನಡೆಯುವುದಿಲ್ಲ.

ಇನ್ನು ನೀವು ಕೇಳಿದ ದಂಡದ ವಿಷಯ. ಇದಕ್ಕೆ ಝಡ್‌ಟಿಎಲ್ ಎನ್ನುತ್ತಾರೆ, ಎಂದರೆ ವಾಹನ ಸಂಚಾರ ಸೀಮಿತಗೊಳಿಸಿದ ವಲಯ. ಕೆಂಪು ಅಂಚಿನ ಬಿಳಿ ವೃತ್ತದ ಫಲಕವೊಂದು ಇರುತ್ತದೆ, ಅದರ ಪಕ್ಕದಲ್ಲೋ ಮೇಲೆಯೋ ಕ್ಯಾಮೆರಾ ಇರುತ್ತದೆ. ಅಡ್ಡಗಂಬವೂ ಇಲ್ಲ, ಕಾವಲುಗಾರನೂ ಇಲ್ಲ, ಆದ್ದರಿಂದ ಒಳಗೆ ಹೋದದ್ದು ಗೊತ್ತೇ ಆಗುವುದಿಲ್ಲ. ಫ್ಲಾರೆನ್ಸ್, ಸಿಯೆನಾ, ಪೀಸಾ, ಲುಕ್ಕಾ ಎಲ್ಲವುಗಳ ಹಳೆಯ ಊರಿಗೂ ಇದು ಅನ್ವಯಿಸುತ್ತದೆ. ಒಂದೇ ಮಧ್ಯಾಹ್ನ ದಾರಿ ತಪ್ಪಿ ಮೂರು ಸಲ ಒಳಹೊಕ್ಕರೆ ಮೂರು ದಂಡ. ವಿದೇಶದಲ್ಲಿ ನೆಲೆಸಿದವರಿಗೆ ನೋಟಿಸು ತಲುಪಿಸಲು ಅಲ್ಲಿನ ಪೊಲೀಸರಿಗೆ 360 ದಿನಗಳ ಕಾಲಾವಕಾಶ ಇರುವುದರಿಂದ, ಪ್ರವಾಸದ ಫೋಟೋಗಳನ್ನು ನೋಡುವುದನ್ನೇ ಮರೆತ ಮೇಲೆ ಕಾಗದ ಬರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪಾಲಿಸುವ ನಿಯಮ ಒಂದೇ: ಊರ ಹೊರಗೆ ಕಾರು, ಊರ ಒಳಗೆ ಕಾಲು. ಕೋಟೆಗೋಡೆ ಕಣ್ಣಿಗೆ ಬಿದ್ದ ಕೂಡಲೇ ವಾಹನ ನಿಲ್ಲಿಸುವ ಜಾಗ ಹುಡುಕಿರಿ. ಫ್ಲಾರೆನ್ಸ್ ನೋಡುವ ಮನಸ್ಸಿದ್ದರೆ ಎ1 ಹೆದ್ದಾರಿಗೇ ಅಂಟಿಕೊಂಡಿರುವ ವಿಲ್ಲಾ ಕೊಸ್ತಾಂಝಾ ನಿಲ್ದಾಣದಲ್ಲಿ ಕಾರು ಬಿಟ್ಟು ಟ್ರಾಮ್ ಹಿಡಿಯಬಹುದು. ಸಿಯೆನಾದಲ್ಲಿ ಸಾಂತಾ ಕತೆರೀನಾ ನಿಲ್ದಾಣದಿಂದ ಮೇಲಿನ ಊರಿಗೆ ಎಸ್ಕಲೇಟರುಗಳಿವೆ, ಮಂಡಿನೋವಿನ ತಂದೆಯವರಿಗೆ ಅದು ದೊಡ್ಡ ಉಪಕಾರ.

ಜೆರ್ಸಿ ಕನ್ನಡಿಗ

ಮೇಲಿನವರ ಮಾತಿಗೆ ನನ್ನದೊಂದು ಅವಿವೇಕವನ್ನು ಸೇರಿಸುತ್ತೇನೆ. ಆ ವಲಯದ ಬಾಯಲ್ಲಿ ಮಿನುಗುವ ಫಲಕದ ಮೇಲೆ "ವಾರ್ಕೊ ಅತ್ತೀವೊ" ಎಂದು ಬರೆದಿತ್ತು. ವಾರ್ಕೊ ಎಂದರೆ ದ್ವಾರ, ಅತ್ತೀವೊ ಎಂದರೆ ಚಾಲೂ ಇದೆ. ದ್ವಾರ ಚಾಲೂ ಇದೆಯೆಂದರೆ ತೆರೆದಿದೆ ಎಂದಲ್ಲವೇ ಎಂದುಕೊಂಡು ಹೆಮ್ಮೆಯಿಂದ ನುಗ್ಗಿದೆ. ಚಾಲೂ ಇದ್ದದ್ದು ನಿರ್ಬಂಧ, ಬಾಗಿಲಲ್ಲ. "ನೋನ್ ಅತ್ತೀವೊ" ಎಂದಿದ್ದರೆ ಮಾತ್ರ ಹೋಗಬಹುದಿತ್ತು.

ಎರಡನೆಯದು ಇಂಧನದ ವಿಷಯ. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುವ ಅಭ್ಯಾಸದಿಂದ, "ಗಝೋಲಿಯೊ" ಎಂದು ಬರೆದಿದ್ದ ನಳಿಗೆಯನ್ನು ಪೆಟ್ರೋಲ್ ಕಾರಿನ ಬಾಯಿಗೆ ಇಡುವುದರಲ್ಲಿದ್ದೆ. ಪಕ್ಕದ ಪಂಪಿನಲ್ಲಿದ್ದ ಅಜ್ಜಿಯೊಬ್ಬರು ಕೂಗಿಕೊಂಡು ಬಂದು ನನ್ನ ಕೈಯನ್ನೇ ಹಿಡಿದುಕೊಂಡರು. ಗಝೋಲಿಯೊ ಎಂದರೆ ಡೀಸೆಲ್. ಪೆಟ್ರೋಲಿಗೆ ಅಲ್ಲಿ "ಬೆಂಝೀನಾ" ಎನ್ನುತ್ತಾರೆ, ಅದರ ಹಿಡಿಕೆ ಸಾಮಾನ್ಯವಾಗಿ ಹಸಿರು ಬಣ್ಣದ್ದು. ಭಾಷೆ ಬಾರದಿದ್ದರೂ ಟ್ಯಾಂಕಿನ ಮುಚ್ಚಳದ ಮೇಲಿನ ಗುರುತು ನೋಡಿಕೊಳ್ಳಬಹುದು: ವೃತ್ತದೊಳಗೆ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಹಳ್ಳಿಯ ಬಂಕುಗಳು ಮಧ್ಯಾಹ್ನ ಊಟದ ಹೊತ್ತಿಗೆ ಮತ್ತು ಭಾನುವಾರ ಮುಚ್ಚಿರುತ್ತವೆ, ಆಗ ಯಂತ್ರಕ್ಕೆ ಮುಂಗಡವಾಗಿ ಹಣ ಹಾಕಿ ನಾವೇ ತುಂಬಿಸಿಕೊಳ್ಳಬೇಕು. ಟ್ಯಾಂಕಿನಲ್ಲಿ ಎಷ್ಟು ಹಿಡಿಯುತ್ತದೆಂದು ಅಂದಾಜಿಲ್ಲದೆ 50 ಯೂರೊ ನೋಟು ತುರುಕಬೇಡಿ, ಉಳಿದ ಚಿಲ್ಲರೆಗೆ ಯಂತ್ರ ಒಂದು ಚೀಟಿ ಕೊಡುತ್ತದೆ, ಅದನ್ನು ಹಿಡಿದು ಬಂಕು ತೆರೆದಾಗ ಮತ್ತೆ ಬರಬೇಕು. ನನ್ನ ಡೈರಿಯಲ್ಲಿ ಅಂಥದ್ದೊಂದು ಚೀಟಿ ಇನ್ನೂ ಇದೆ.

ಘಟ್ಟದ ದಾರಿ (ಚಿಕ್ಕಮಗಳೂರು)

ಅಮಾಲ್ಫಿಯ ಬಗ್ಗೆ ಎಲ್ಲರೂ ಹೆದರಿಸುವುದು ಅತಿಯಾಯಿತೆಂದು ನನ್ನ ಅಭಿಪ್ರಾಯ. ಚಾರ್ಮಾಡಿಯಲ್ಲಿ ಮಳೆಗಾಲದ ಮಂಜಿನಲ್ಲಿ ಎದುರಿಗೆ ಬರುವ ಟ್ಯಾಂಕರಿಗೆ ದಾರಿ ಬಿಟ್ಟು ಅಭ್ಯಾಸವಿರುವವರಿಗೆ ಅಮಾಲ್ಫಿ ಕರಾವಳಿಯ ಎಸ್‌ಎಸ್163 ರಸ್ತೆ ಹೊಸದೇನಲ್ಲ. ನಮ್ಮ ಘಟ್ಟದ ರೂಢಿಯೇ ಅಲ್ಲಿಯೂ ಇದೆ: ಇಕ್ಕಟ್ಟಿನಲ್ಲಿ ಏರುವವನಿಗೆ ಇಳಿಯುವವನು ದಾರಿ ಬಿಡಬೇಕು. ಬಸ್ಸು ತಿರುವಿಗೆ ಬರುವ ಮೊದಲೇ ಹಾರ್ನ್ ಹಾಕುತ್ತದೆ. ಅದನ್ನು ಕೇಳಿದ ಕೂಡಲೇ ತಿರುವಿನ ಹಿಂದೆಯೇ ನಿಂತುಬಿಟ್ಟರೆ ಯಾವ ತೊಂದರೆಯೂ ಇಲ್ಲ. ನಾನು ಮೇ ತಿಂಗಳಲ್ಲಿ ವಿಯೆತ್ರಿಯಿಂದ ಪೊಸಿತಾನೊವರೆಗೆ ಓಡಿಸಿದ್ದೇನೆ, ಒಂದು ಗೀರೂ ಆಗಲಿಲ್ಲ. ಕೆಳಗೆ ಕಡಲು, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂಬೆ ತೋಟಗಳು, ಮಧ್ಯೆ ಬಂಡೆಯನ್ನು ಕೊರೆದು ಮಾಡಿದ ದಾರಿ. ಇದನ್ನು ಬಸ್ಸಿನ ಕಿಟಕಿಯಿಂದ ನೋಡಿ ಏನು ಪ್ರಯೋಜನ?

ಮ್ಯೂನಿಕ್ ವಾಸಿ

ಬಸ್ಸಿನ ಕಿಟಕಿಯಿಂದ ನೋಡುವವರಿಗಾದರೂ ಕಡಲು ಕಾಣುತ್ತದೆ, ಓಡಿಸುವವರಿಗೆ ಎದುರಿನ ಬಸ್ಸಿನ ಕನ್ನಡಿ ಮಾತ್ರ ಕಾಣುತ್ತದೆ. ನಿಮ್ಮ ಚಾಲನೆಯ ಮೇಲೆ ನನಗೆ ಸಂಶಯವಿಲ್ಲ, ಆದರೆ ಇಲ್ಲಿ ಪ್ರಶ್ನೆ ಧೈರ್ಯದ್ದಲ್ಲ, ಜಾಗದ್ದು. 2022ರಿಂದ ಆ ರಸ್ತೆಯ ವಿಯೆತ್ರಿ–ಪೊಸಿತಾನೊ ಭಾಗದಲ್ಲಿ ಬೇಸಿಗೆಯ ವಾರಾಂತ್ಯಗಳಂದು ಮತ್ತು ಆಗಸ್ಟ್ ತಿಂಗಳಿಡೀ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಸಮ–ಬೆಸ ಸಂಖ್ಯೆಯ ನಿಯಮ ಬಂದಿದೆ. ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನು ನೋಡಿ ಇಂಥ ದಿನ ಇಂಥ ಕಾರು ಎಂದು ನಿರ್ಧರಿಸುತ್ತಾರೆ. ಇಟಲಿಯ ಪ್ಲೇಟು ಎರಡು ಅಕ್ಷರ, ಮೂರು ಅಂಕಿ, ಮತ್ತೆ ಎರಡು ಅಕ್ಷರ ಎಂಬ ಕ್ರಮದಲ್ಲಿರುವುದರಿಂದ ನಡುವಿನ ಮೂರರಲ್ಲಿ ಕೊನೆಯದು ಲೆಕ್ಕಕ್ಕೆ ಬರುತ್ತದೆ. ಕೌಂಟರಿನಲ್ಲಿ ಯಾವ ಸಂಖ್ಯೆಯ ಕಾರು ಕೊಡುತ್ತಾರೋ ಅದರ ಮೇಲೆ ನಿಮ್ಮ ಶನಿವಾರ ನಿಂತಿರುತ್ತದೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಹೊರಡುವ ಮೊದಲು ಆ ವರ್ಷದ ಆದೇಶವನ್ನು ನೋಡಿಕೊಳ್ಳಬೇಕು. ಇದೆಲ್ಲ ದಾಟಿ ಹೋದರೂ ಪೊಸಿತಾನೊದಲ್ಲಿ ಕಾರು ನಿಲ್ಲಿಸಲು ತೆರುವ ಹಣ ಕೇಳಿದರೆ ಹಸಿವು ಹೋಗುತ್ತದೆ.

ನನ್ನ ಸಲಹೆ ಇಷ್ಟು: ಸಲೇರ್ನೊದಲ್ಲಿ ಕಾರನ್ನು ಹಿಂದಿರುಗಿಸಿ, ಅಲ್ಲಿಂದ ದೋಣಿಯಲ್ಲಿ ಅಮಾಲ್ಫಿಗೆ ಹೋಗಿ. ಅಮಾಲ್ಫಿಯ ಚೌಕ ದಕ್ಕೆಯ ಪಕ್ಕದಲ್ಲೇ, ಸಮತಟ್ಟಾಗಿದೆ. ಪೊಸಿತಾನೊ ಎಂದರೆ ಮೆಟ್ಟಿಲೇ ಮೆಟ್ಟಿಲು, ತಂದೆಯವರನ್ನು ಕರೆದುಕೊಂಡು ಅಲ್ಲಿ ತಂಗಬೇಡಿ. ಪೀಸಾದಿಂದ ಹತ್ತಿರವೆಂದು ಕಡಲಂಚಿನ ಐದು ಊರುಗಳ ಚಿಂಕ್ವೆ ತೆರ್ರೆಗೆ ಕಾರು ತಿರುಗಿಸುವ ಆಸೆ ಬಂದರೆ ಅಲ್ಲಿಯೂ ಇದೇ ಮಾತು. ಲಾ ಸ್ಪೆಝಿಯಾದಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು, ಐದು ಊರುಗಳಲ್ಲಿ ಮಂಡಿಗೆ ಹಿತವಾದದ್ದು ಮೊಂತೆರೊಸ್ಸೊ ಒಂದೇ. ಕೊರ್ನೀಲ್ಯಾಗೆ ನಿಲ್ದಾಣದಿಂದ 382 ಮೆಟ್ಟಿಲು.

ಕುವೆಂಪುನಗರ (ಮೈಸೂರು)

ಎಲ್ಲರಿಗೂ ಕೃತಜ್ಞತೆಗಳು. ಸಲೇರ್ನೊದ ಯೋಚನೆ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಇನ್ನೂ ಕೆಲವು ಸಂಶಯಗಳಿವೆ. ಆಟೊಮ್ಯಾಟಿಕ್ ಕಾರಿಗೆ ಬಾಡಿಗೆ ತುಂಬಾ ಹೆಚ್ಚು ತೋರಿಸುತ್ತಿದೆ, ಬಲಗೈಯಲ್ಲಿ ಗೇರು ಹಾಕುವುದು ಅಷ್ಟು ಕಷ್ಟವೇ? ಟೋಲ್ ಕಟ್ಟುವ ಕ್ರಮ ಹೇಗೆ? ಮೂವರಿಗೆ ಮೂರು ಪೆಟ್ಟಿಗೆ ಇರುವುದರಿಂದ ದೊಡ್ಡ ಗಾಡಿ ತೆಗೆದುಕೊಳ್ಳಬೇಕೇ?

ಬಾರಿಯಲ್ಲಿ ಓದಿದವಳು

ನಾನು ಎರಡು ವರ್ಷ ಬಾರಿ ನಗರದಲ್ಲಿ ಓದಿದೆ, ಸ್ನೇಹಿತರೊಂದಿಗೆ ಕಾರು ಹಂಚಿಕೊಂಡು ದಕ್ಷಿಣವೆಲ್ಲ ಸುತ್ತಿದ್ದೇನೆ. ಗೇರು ಒಂದು ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಕೈಕೊಡುವುದು ಬೇರೆ ಎರಡು ಸಂಗತಿಗಳು. ನಮ್ಮ ಊರಿನ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್ ಬಲಗಡೆಯ ಕಡ್ಡಿ, ಅಲ್ಲಿ ಅದು ಎಡಗಡೆ. ಆದ್ದರಿಂದ ಮೊದಲ ದಿನ ಪ್ರತಿ ತಿರುವಿನಲ್ಲೂ ಬಿಸಿಲಿನಲ್ಲಿ ವೈಪರ್ ಆಡುತ್ತದೆ, ಅದು ನಗೆಯ ವಿಷಯ. ನಗೆಯಲ್ಲದ್ದೆಂದರೆ, ಜೀವಮಾನವಿಡೀ ಕಾರಿನ ಬಲಬದಿಯಲ್ಲಿ ಕೂತವರು ಎಡಕ್ಕೆ ಬಂದಾಗ, ತಮ್ಮ ಬಲಕ್ಕೆ ಇನ್ನೊಂದು ಸೀಟಿನಷ್ಟು ಗಾಡಿ ಇದೆ ಎಂಬುದನ್ನು ದೇಹ ಒಪ್ಪುವುದಿಲ್ಲ. ಗೊತ್ತಿಲ್ಲದೆ ಬಲಕ್ಕೆ ಸರಿಯುತ್ತೇವೆ, ಬಲಗಡೆಯ ಚಕ್ರ ಕಲ್ಲಿನಂಚಿಗೆ ಉಜ್ಜುತ್ತದೆ. ಪಕ್ಕದಲ್ಲಿ ಕೂತ ಪತ್ನಿಯವರಿಗೆ "ಬಲಕ್ಕೆ ಹತ್ತಿರವಾಯಿತು" ಎಂದು ಹೇಳುವ ಪೂರ್ಣ ಅಧಿಕಾರವನ್ನು ಮೊದಲೇ ಕೊಟ್ಟುಬಿಡಿ. ದೊಡ್ಡ ಗಾಡಿ ಬೇಡ. ಹಳ್ಳಿಯ ಗಲ್ಲಿಗಳು ಕತ್ತೆಯ ಅಗಲಕ್ಕೆ ಕಟ್ಟಿದವು. ಪೆಟ್ಟಿಗೆಯನ್ನು ಚಿಕ್ಕದು ಮಾಡಿಕೊಳ್ಳಿ, ಡಿಕ್ಕಿಯಲ್ಲಿ ಹಿಡಿಯುವಷ್ಟೇ ಸಾಮಾನು ಇರಲಿ, ಏಕೆಂದರೆ ಸೀಟಿನ ಮೇಲೆ ಕಾಣುವಂತೆ ಚೀಲ ಬಿಟ್ಟರೆ ಗಾಜು ಒಡೆಯುವವರಿದ್ದಾರೆ.

ಹಸಿರು ಫಲಕ ಕಂಡರೆ ಟೋಲ್ ಹೆದ್ದಾರಿ, ನೀಲಿ ಕಂಡರೆ ಸಾಮಾನ್ಯ ರಸ್ತೆ ಎಂದು ನೆನಪಿಡಿ. ಹೆದ್ದಾರಿ ಸೇರುವಾಗ ಯಂತ್ರದಿಂದ ಚೀಟಿ ತೆಗೆದುಕೊಂಡು, ಇಳಿಯುವಾಗ ಅದನ್ನು ಕೊಟ್ಟು ಹಣ ಕಟ್ಟುವುದು ಅಲ್ಲಿನ ಸಾಮಾನ್ಯ ಕ್ರಮ. ಹಳದಿ ಬಣ್ಣದ ಟೆಲೆಪಾಸ್ ಸಾಲಿಗೆ ಮಾತ್ರ ಹೋಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ಇದ್ದಂತೆ. ಚೀಟಿ ಕಳೆದರೆ ಅತಿ ದೂರದ ದ್ವಾರದಿಂದ ಬಂದಿರಿ ಎಂದು ಲೆಕ್ಕ ಹಾಕುತ್ತಾರೆ. ಈ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ಕ್ಯಾಮೆರಾ ಕಂಡಲ್ಲಿ ಮಾತ್ರ ನಿಧಾನಿಸುವ ನಮ್ಮ ಜಾಣತನ ಅಲ್ಲಿ ನಡೆಯದು, ಹೆದ್ದಾರಿಯ ಅನೇಕ ಭಾಗಗಳಲ್ಲಿ ಎರಡು ಬಿಂದುಗಳ ನಡುವಿನ ಸರಾಸರಿ ವೇಗವನ್ನೇ ಅಳೆಯುತ್ತಾರೆ. ಊರ ಹೊರಗೆ ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಪಾರ್ಕಿಂಗ್ ಗೆರೆ ಬಿಳಿಯಿದ್ದರೆ ಉಚಿತ, ನೀಲಿಯಿದ್ದರೆ ಹಣ ಕಟ್ಟಿ ಚೀಟಿಯನ್ನು ಗಾಜಿನ ಹಿಂದೆ ಇಡಬೇಕು, ಹಳದಿಯಿದ್ದರೆ ಅದು ನಿಮಗಲ್ಲ.

ಕೊನೆಗೆ ಒಂದು ಪಕ್ಷಪಾತದ ಮಾತು. ಕಾರೇ ಓಡಿಸುವುದಾದರೆ ಎಲ್ಲರೂ ಏಕೆ ಟಸ್ಕನಿ ಮತ್ತು ಅಮಾಲ್ಫಿಗೇ ಹೋಗುತ್ತಾರೋ ತಿಳಿಯದು. ಬಾರಿ ಇರುವ ಆಗ್ನೇಯದ ಪೂಲ್ಯಾ ಪ್ರಾಂತ್ಯದಲ್ಲಿ ನೆಲ ಸಮತಟ್ಟು, ದಾರಿ ಅಗಲ. ಆಲ್ಬೆರೊಬೆಲ್ಲೊದ ಗಾರೆಯಿಲ್ಲದೆ ಕಟ್ಟಿದ ಶಂಕುವಿನಾಕಾರದ ಮನೆಗಳಿಂದ ಹೊರಟು, ಓಸ್ತೂನಿ ದಾಟಿ, ಓತ್ರಾಂತೊದಿಂದ ಸಾಂತಾ ಮರೀಯಾ ದಿ ಲೇವುಕಾದವರೆಗಿನ ಕರಾವಳಿ ದಾರಿಯಲ್ಲಿ ಅಮಾಲ್ಫಿಯಷ್ಟೇ ನೀಲಿಯ ಕಡಲು ಸಿಗುತ್ತದೆ, ಎದುರಿಗೆ ಬಸ್ಸುಗಳ ಸಾಲು ಇರುವುದಿಲ್ಲ. ಆದರೆ ಪೂಲ್ಯಾದ ದಕ್ಷಿಣ ತುದಿಯಾದ ಸಲೇಂತೊದ ಒಳನಾಡಿನಲ್ಲಿ ಮೈಲುಗಟ್ಟಲೆ ಬೂದು ಬಣ್ಣಕ್ಕೆ ತಿರುಗಿ ಒಣಗಿ ನಿಂತ ಆಲಿವ್ ಮರಗಳನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. 2013ರಲ್ಲಿ ಪತ್ತೆಯಾದ ಕ್ಸಿಲೆಲ್ಲಾ ಎಂಬ ಬ್ಯಾಕ್ಟೀರಿಯಾ ಶತಮಾನಗಳ ತೋಪುಗಳನ್ನು ತಿಂದುಹಾಕಿದೆ. ರೋಗ ಬಂದ ಅಡಿಕೆ ತೋಟ ನೋಡಿದವರಿಗೆ ಆ ದಾರಿ ತಿಳಿಯುತ್ತದೆ.

ಘಟ್ಟದ ದಾರಿ (ಚಿಕ್ಕಮಗಳೂರು)

ಮ್ಯೂನಿಕ್ಕಿನವರು ಹೇಳಿದ ಸಮ–ಬೆಸ ನಿಯಮ ನಾನು ಹೋದಾಗ ಇರಲಿಲ್ಲ, ಅಷ್ಟರ ಮಟ್ಟಿಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಮೇ ತಿಂಗಳ ಮಂಗಳವಾರ ಬೆಳಿಗ್ಗೆ ಏಳು ಗಂಟೆಯಾದರೆ ಈಗಲೂ ಓಡಿಸಿ ಎಂದೇ ಹೇಳುತ್ತೇನೆ.

ವಾಲ್ ದೋರ್ಚಾದ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಡಾಂಬರಿಲ್ಲದ ಬಿಳಿ ಜಲ್ಲಿಯ ದಾರಿಗಳಿಗೆ "ಸ್ತ್ರಾದೆ ಬ್ಯಾಂಕೆ" ಎನ್ನುತ್ತಾರೆ. ಮ್ಯಾಪು ಎರಡು ನಿಮಿಷ ಉಳಿಯುತ್ತದೆಂದು ನಿಮ್ಮನ್ನು ಅದರೊಳಗೆ ಇಳಿಸುತ್ತದೆ. ದಾರಿ ಚೆನ್ನಾಗಿಯೇ ಇರುತ್ತದೆ, ಆದರೆ ಟೈರು, ಚಕ್ರ ಮತ್ತು ಕಾರಿನ ತಳಭಾಗದ ಹಾನಿಯನ್ನು ಸಾಮಾನ್ಯ ವಿಮೆ ಹೆಚ್ಚಾಗಿ ಒಳಗೊಳ್ಳುವುದಿಲ್ಲ, ಪತ್ರವನ್ನು ಓದಿಕೊಳ್ಳಿ. ಸಾರ್ಡೀನಿಯಾದ ಬವುನೇಯಿ ಎಂಬ ಊರಿನಲ್ಲಿ ಇಂಥ ಕಾಡುದಾರಿಗಳಿಂದ ಪ್ರವಾಸಿಗರ ಪುಟ್ಟ ಕಾರುಗಳನ್ನು ಎತ್ತಿ ಎತ್ತಿ ಸಾಕಾಗಿ, 2019ರಲ್ಲಿ ಅಲ್ಲಿನ ಮೇಯರ್ ಗೂಗಲ್ ಮ್ಯಾಪ್ಸ್ ನಂಬಬೇಡಿ ಎಂದು ಫಲಕ ಹಾಕಿಸಬೇಕಾಯಿತು. ಇನ್ನೊಂದು ಮಾತು, ಹೊಸ ಕಾರುಗಳಲ್ಲಿ ಅನೇಕಕ್ಕೆ ಸ್ಟೆಪ್ನಿ ಇರುವುದಿಲ್ಲ, ಒಂದು ಡಬ್ಬಿ ಅಂಟು ಮತ್ತು ಗಾಳಿಯ ಪಂಪು ಮಾತ್ರ. ಕೀಲಿ ಪಡೆಯುವ ಮೊದಲೇ ಡಿಕ್ಕಿಯ ಹಾಸು ಎತ್ತಿ ನೋಡಿ.

ಕುವೆಂಪುನಗರ (ಮೈಸೂರು)

ಹೋಗಿ ಬಂದು ಮೂರು ವಾರಗಳಾದವು. ನೀವೆಲ್ಲ ಇಷ್ಟು ತಾಳ್ಮೆಯಿಂದ ಬರೆದಿರುವಾಗ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲ ದಿನ ಪೀಸಾದಿಂದ ಲುಕ್ಕಾಗೆ ಹೋಗುವ ಅರ್ಧ ಗಂಟೆಯ ದಾರಿಯಲ್ಲಿ ವೈಪರ್ ಒಂಬತ್ತು ಸಲ ಆಡಿತೆಂದು ತಂದೆಯವರು ಹಿಂದಿನ ಸೀಟಿನಲ್ಲಿ ಕೂತು ಎಣಿಸಿದರು. ಪತ್ನಿಗೆ ಕೊಟ್ಟ ಅಧಿಕಾರ ನಿಜವಾಗಿಯೂ ಕೆಲಸಕ್ಕೆ ಬಂತು. ಎರಡನೆಯ ದಿನದ ಹೊತ್ತಿಗೆ ವೃತ್ತಗಳಲ್ಲಿ ಎಡಕ್ಕೆ ನೋಡಿ ಬಲಕ್ಕೆ ಸೇರುವುದು ಒಗ್ಗಿಹೋಯಿತು. ಒಂದು ಊರು ಬಿಟ್ಟು ಉಳಿದೆಲ್ಲ ಊರುಗಳಲ್ಲೂ ಗೋಡೆಯ ಹೊರಗೇ ಕಾರು ನಿಲ್ಲಿಸಿದೆವು.

ವಾಲ್ ದೋರ್ಚಾದಲ್ಲಿ ಚಿತ್ರಗಳಲ್ಲಿ ಕಂಡ ಹಸಿರು ಇರಲಿಲ್ಲ. ಅದು ವಸಂತದ ನೋಟವಂತೆ. ಸೆಪ್ಟೆಂಬರಿನಲ್ಲಿ ಗೋಧಿ ಕೊಯ್ದು ಉತ್ತ ಹೊಲಗಳು ಬೂದು ಮತ್ತು ಕಂದು ಬಣ್ಣದಲ್ಲಿ ಅಲೆಯಲೆಯಾಗಿ ಮಲಗಿದ್ದವು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಸಾನ್ ಕ್ವೀರಿಕೊ ದಾಟಿ ಪಿಯೆಂಝಾ ಕಡೆಗೆ ಹೋಗುವಾಗ ತಂದೆಯವರು ಗಾಡಿ ನಿಲ್ಲಿಸಲು ಹೇಳಿ, ಇಳಿದು, ರಸ್ತೆಯಂಚಿನ ಹೊಲದಿಂದ ಅಂಗೈಯಗಲದ ಹೆಂಟೆಯೊಂದನ್ನು ಎತ್ತಿಕೊಂಡರು. ಅವರು ಗದಗದ ಕಡೆಯವರು. ಹೆಂಟೆಯನ್ನು ಬೆರಳಿನಲ್ಲಿ ಒತ್ತಿ ನೋಡಿ, "ಬಣ್ಣ ಒಂದ್ ಬ್ಯಾರೆ, ಇದು ನಮ್ಮ ಎರಿ ಹೊಲಾನ ಐತಲ್ಲೋ" ಎಂದರು. ಮಳೆ ಬಂದರೆ ಕಾಲಿಗೆ ಹೇಗೆ ಹತ್ತುತ್ತದೆ, ಬಿಸಿಲಿಗೆ ಹೇಗೆ ಬಿರಿಯುತ್ತದೆ ಎಂದು ಅಲ್ಲೇ ನಿಂತು ಹತ್ತು ನಿಮಿಷ ವಿವರಿಸಿದರು. ರೈಲಿನಲ್ಲಿ ಹೋಗಿದ್ದರೆ ಆ ಹತ್ತು ನಿಮಿಷ ಇರುತ್ತಿರಲಿಲ್ಲ.

ಘಟ್ಟದವರ ಎಚ್ಚರಿಕೆಯನ್ನು ಓದಿಯೂ ಬಿಳಿ ದಾರಿಗೆ ಇಳಿದೆ, ಪಂಕ್ಚರ್ ಆಯಿತು. ಸ್ಟೆಪ್ನಿ ಇರಲಿಲ್ಲ. ಟೈರಿನ ಪಕ್ಕವೇ ಸೀಳಿದ್ದರಿಂದ ಅಂಟಿನ ಡಬ್ಬಿಯೂ ಉಪಯೋಗಕ್ಕೆ ಬರಲಿಲ್ಲ. ಪ್ರತಿಫಲಿಸುವ ಹಳದಿ ಅಂಗಿ ತೊಟ್ಟು, ತ್ರಿಕೋನ ಇಟ್ಟು, ಮೂರು ಗಂಟೆ ಸೈಪ್ರೆಸ್ ಮರದ ನೆರಳಿನಲ್ಲಿ ಕಾದೆವು. ಎಳೆದೊಯ್ಯುವ ಗಾಡಿ ಬಂತು, ಸಂಜೆಗೆ ಬದಲಿ ಕಾರು ಸಿಕ್ಕಿತು. ನನ್ನ ನಿಜವಾದ ತಪ್ಪು ಆಗಿದ್ದು ಅದರ ಮರುದಿನ. ನಾವು ತಂಗಿದ ಗುಡ್ಡದೂರಿನ ವಸತಿಗೃಹ ನಿರ್ಬಂಧಿತ ವಲಯದ ಒಳಗಿತ್ತು, ನಂಬರ್ ಕೊಟ್ಟರೆ ತಾವೇ ಪೊಲೀಸರಿಗೆ ತಿಳಿಸಿ ಅನುಮತಿ ಮಾಡಿಸುತ್ತೇವೆ ಎಂದಿದ್ದರು. ತಂದೆಯವರ ಮಂಡಿಗಾಗಿ ಅದೊಂದು ಕಡೆ ಮಾತ್ರ ಗೋಡೆಯೊಳಗೆ ಕಾರು ತರುವುದೆಂದು ನಿರ್ಧರಿಸಿದ್ದೆವು. ನಾನು ಮೊಬೈಲಿನಲ್ಲಿದ್ದ ಬಾಡಿಗೆ ಪತ್ರವನ್ನು ನೋಡಿ ನಂಬರ್ ಬರೆದುಕೊಟ್ಟೆ. ಅದು ಹಳೆಯ ಕಾರಿನ ಪತ್ರ. ಪಂಕ್ಚರ್ ಆದ ಕಾರಿಗೆ ಅನುಮತಿ ಸಿಕ್ಕಿತು, ನಾವು ಕೂತಿದ್ದ ಕಾರಿಗಲ್ಲ. ಇದು ನನಗೆ ಹೊಳೆದದ್ದು ಸಲೇರ್ನೊದಲ್ಲಿ ಕೀಲಿ ಹಿಂದಿರುಗಿಸುವಾಗ, ಸುಮಾರು 400 ಕಿ.ಮೀ. ದಾಟಿದ ಮೇಲೆ.

ನಿನ್ನೆ ಕಾರ್ಡಿನಿಂದ ಬಾಡಿಗೆ ಕಂಪನಿ 45 ಯೂರೊ ಕಡಿದುಕೊಂಡಿದೆ. ದಂಡ ಇಲ್ಲಿಗೆ ಮುಗಿಯಿತೆಂದು ತಿಳಿಯಬಹುದೇ?

ಮ್ಯೂನಿಕ್ ವಾಸಿ

ಮುಗಿದಿಲ್ಲ. ಆ 45 ಯೂರೊ ನಿಮ್ಮ ಹೆಸರು ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಕಂಪನಿ ಪಡೆದ ಶುಲ್ಕ, ದಂಡ ಬೇರೆಯಾಗಿ ಬರುತ್ತದೆ. ನೋಟಿಸು ಕೈಗೆ ಸಿಕ್ಕಿದ ಐದು ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ರಿಯಾಯಿತಿ ಇದೆ. ಬೇಡ, ವಾದಿಸುತ್ತೇನೆ ಎಂದರೆ 60 ದಿನಗಳೊಳಗೆ ಪ್ರಿಫೆಕ್ಟರಿಗೆ (ಅಲ್ಲಿನ ಜಿಲ್ಲೆಯ ಸರ್ಕಾರಿ ಅಧಿಕಾರಿಗೆ) ಮೇಲ್ಮನವಿ ಸಲ್ಲಿಸಬಹುದು, ಆದರೆ ಹಣ ಕಟ್ಟಿಬಿಟ್ಟರೆ ಆ ಹಕ್ಕು ಹೋಗುತ್ತದೆ. ಈಗಲೇ ವಸತಿಗೃಹದವರಿಗೆ ಬರೆದು, ನೀವು ಆ ರಾತ್ರಿ ಅಲ್ಲಿ ತಂಗಿದ್ದಕ್ಕೆ ಮತ್ತು ಅವರು ಹಳೆಯ ನಂಬರನ್ನು ನೋಂದಾಯಿಸಿದ್ದಕ್ಕೆ ಪತ್ರ ತರಿಸಿಕೊಳ್ಳಿ. ಕಾರು ಬದಲಿಸಿದ ರಸೀತಿಯನ್ನೂ ಜೊತೆಗಿಡಿ.

ಕುವೆಂಪುನಗರ (ಮೈಸೂರು)

ಇವತ್ತೇ ಬರೆಯುತ್ತೇನೆ. ಎಳೆದೊಯ್ದ ಗಾಡಿಯವರು ಕೊಟ್ಟ ರಸೀತಿಯ ಹಿಂಬದಿಯಲ್ಲಿ ತಂದೆಯವರು ಆ ಹೊಲದ ಮಣ್ಣನ್ನು ಪೊಟ್ಟಣ ಕಟ್ಟಿ ತಂದಿದ್ದಾರೆ, ಅದನ್ನು ಬಿಚ್ಚಿ ಸ್ಕ್ಯಾನ್ ಮಾಡಬೇಕು.